ಕೆಲಸಕ್ಕೆ ಬಾರದ ಹಸಿರು ತಂತಿ

ಮಾರ್ಚ್ 2, ಶನಿವಾರ

ಈ ಊರಿಗೆ ಕರೆಂಟು ತಂದವನು ನಾನು. ವಿದ್ಯುತ್ ಕಚೇರಿಯ ಗೋಡೆಯ ಕಲ್ಲಿನಲ್ಲಿ ಬೇರೆ ಯಾರದೋ ಹೆಸರಿದೆ, ಇಸವಿಯೂ ನಾನು ಹುಟ್ಟುವುದಕ್ಕೆ ಒಂಬತ್ತು ವರ್ಷ ಮುಂಚಿನದು. ಇರಲಿ. ಕಲ್ಲು ಪಾಪ, ಏನು ಕೆತ್ತಿದರೂ ಕೆತ್ತಿಸಿಕೊಳ್ಳುತ್ತದೆ.

ಈ ಪುಸ್ತಕ ಅಕ್ಕ ಕೊಟ್ಟದ್ದು. ಅಕ್ಕ ಮನೆಯಲ್ಲೇ ಬೈಂಡಿಂಗ್ ಮಾಡುತ್ತಾಳೆ, ಶಾಲೆಗಳ ಹಾಜರಿ ಪುಸ್ತಕ, ಅಂಗಡಿಗಳ ದಪ್ಪ ಪುಸ್ತಕ. ಇದರ ರಟ್ಟು ತಲೆಕೆಳಗಾಗಿ ಅಂಟಿಬಿಟ್ಟಿತಂತೆ. "ತಲೆಕೆಳಗಾದದ್ದು ನಿನಗೇ ಸರಿ, ತಗೋ. ಊರವರ ತಲೆ ತಿನ್ನೋ ಬದಲು ಇದರಲ್ಲಿ ಬರಿ" ಅಂದಳು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ನನ್ನ ಅಕ್ಷರ ನೋಡಿ ಮೇಷ್ಟ್ರು ಅಳುತ್ತಿದ್ದರು. ಸಂತೋಷಕ್ಕೆ.

ಮನೆಯಲ್ಲಿ ಮೂರೇ ಜನ. ಅಕ್ಕ, ಅಕ್ಕನ ಮಗಳು ಗುಬ್ಬಿ, ನಾನು. ನಾನು ಪಂಪಿನ ಮೋಟರುಗಳಿಗೆ ತಂತಿ ಸುತ್ತುತ್ತಿದ್ದವನು. ಆ ಅಂಗಡಿ ಮುಚ್ಚಿದ ಮೇಲೆ ಅಕ್ಕನ ಮುಂದಿನ ಕೋಣೆಯಲ್ಲಿ ತಾತ್ಕಾಲಿಕವಾಗಿ ಇದ್ದೇನೆ, ನಾಲ್ಕು ವರ್ಷದಿಂದ. ಗುಬ್ಬಿಗೆ ಇಪ್ಪತ್ತೇಳು ವರ್ಷ, ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜುತ್ತಾಳೆ. ಹುಟ್ಟಿದಾಗ ಅಂಗೈಯಷ್ಟಿದ್ದಳು ಅಂತ ಆ ಹೆಸರು ನಾನೇ ಇಟ್ಟದ್ದು. (ಇದು ನಿಜ.)

ಗುಬ್ಬಿಗೆ ಒಂದೇ ಹುಚ್ಚು, ಆಟದ ವಿಮಾನ. ಹಗುರ ಮರದ ಕಡ್ಡಿ ಜೋಡಿಸಿ ತಾನೇ ಕಟ್ಟಿದ್ದಾಳೆ, ರೆಕ್ಕೆ ನನ್ನ ಎರಡು ಕೈ ಚಾಚಿದಷ್ಟು. ಅದರ ಹೊಟ್ಟೆಯೊಳಗೆ ಮೆತ್ತಗಿನ ಬೆಳ್ಳಿ ಬಣ್ಣದ ಬ್ಯಾಟರಿ. ಅದಕ್ಕೊಂದು ಚಾರ್ಜರು. ಆ ಚಾರ್ಜರು ರಾಜವಂಶದ್ದು, ಗೋಡೆಯ ಕರೆಂಟನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಒಂದು ಪೆಟ್ಟಿಗೆ ಬೇಕು, ಗೋಡೆಯ ಕರೆಂಟನ್ನು ಪಳಗಿಸಿ ಕೊಡುವುದಕ್ಕೆ. ಇಷ್ಟು ದಿನ ಹಳೆಯ ಕಾರಿನ ಬ್ಯಾಟರಿಯೊಂದು ಆ ಕೆಲಸ ಮಾಡುತ್ತಿತ್ತು. ಅದಕ್ಕೀಗ ಮುಪ್ಪು.

"ಮಾವ, ಸಗಟು ಅಂಗಡಿಯವರೆಲ್ಲಾ ಗೊತ್ತು ಅಂತೀಯಲ್ಲ, ಇದೊಂದು ತಂದುಕೊಡ್ತೀಯಾ? ನನಗೆ ರಜೆ ಭಾನುವಾರ ಮಾತ್ರ, ಅವತ್ತು ಅವರೂ ಮುಚ್ಚಿರ್ತಾರೆ."

"ಗೊತ್ತು ಅಂತೀಯಾ? ನಾನು ಒಳಗೆ ಕಾಲಿಟ್ಟರೆ ಕುರ್ಚಿ ಬಿಟ್ಟು ಏಳ್ತಾರೆ."

"ಕುರ್ಚಿ ಬಿಟ್ಟು ಓಡ್ತಾರೆ," ಅಂದಳು ಅಕ್ಕ ಒಳಗಿನಿಂದ.

ಗುಬ್ಬಿ ಒಂದು ಚೀಟಿ ಕೊಟ್ಟಳು. ರೇಡಿಯೋ ರಿಪೇರಿ ಅಂಗಡಿಯ ಹೆಂಗಸಿನ ಕೈಯಲ್ಲಿ ಬರೆಸಿಕೊಂಡು ಬಂದದ್ದು. 'ಇಪ್ಪತ್ನಾಲ್ಕು ವೋಲ್ಟು. ಚಾರ್ಜರ್ ಕೇಳುವುದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು ತಾಕತ್ತು. ಮುಚ್ಚಿದ ಪೆಟ್ಟಿಗೆ. ಒಳಗೆ ಫ್ಯೂಸ್. ಫ್ಯಾನ್. ಅರ್ತಿಂಗ್ ಇರಲೇಬೇಕು. ಬಿಲ್ ಕೇಳಿ.' ಇರಲೇಬೇಕು ಎಂಬುದರ ಕೆಳಗೆ ಎರಡು ಗೆರೆ. ಜೊತೆಗೆ ಲಕೋಟೆಯಲ್ಲಿ ಎಂಟು ಸಾವಿರ, ಅವಳ ಎಂಟು ತಿಂಗಳು.

ಸಂಜೆ ನಾನು ಚಪ್ಪಲಿ ಮೆಟ್ಟುವಾಗ ಅಕ್ಕ ಬಾಗಿಲ ತನಕ ಬಂದು ಏನೋ ಹೇಳಿದಳು. ಅದು ಇಲ್ಲಿ ಬರೆಯುವಂಥದ್ದಲ್ಲ.

ಮಾರ್ಚ್ 3, ಭಾನುವಾರ

ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ಹನ್ನೊಂದು ವಿಮಾನ. ಯಾರದು ಹೆಚ್ಚು ಹೊತ್ತು ಮೇಲಿರುತ್ತದೋ ಅವರು ಗೆದ್ದರು. ಬೇಕರಿಯವನೂ ತನ್ನ ಹಳದಿ ವಿಮಾನ ತಂದಿದ್ದ.

"ಏನಣ್ಣಾ, ನಿಮ್ಮ ಹುಡುಗಿ ವಿಮಾನ ತಾನಾಗೇ ಹಾರುತ್ತೋ, ಇಲ್ಲಾ ನೀವು ಕೆಳಗೆ ನಿಂತು ಊದಬೇಕೋ?"

"ನಿನ್ನ ಬನ್ನಿಗಿಂತ ಚೆನ್ನಾಗಿ ಉಬ್ಬುತ್ತೆ, ನೋಡ್ತಿರು."

"ಹಂಗಾದ್ರೆ ಪಂದ್ಯ?"

ಜೇಬಿಗೆ ಹೋದ ಕೈ ಬರಿಗೈಯಾಗಿ ಹೊರಗೆ ಬರಬಾರದು, ಅದು ನಮ್ಮ ವಂಶದ ಮಾತು. ಸಿಕ್ಕಿದ್ದನ್ನು ಇಟ್ಟೆ.

ಗುಬ್ಬಿಯ ವಿಮಾನ ಗಾಳಿಯನ್ನು ಕೆಣಕದೆ, ಬೇಡಿಕೊಳ್ಳದೆ, ತನ್ನ ಪಾಡಿಗೆ ಸುತ್ತುತ್ತಿತ್ತು. ಹನ್ನೊಂದನೇ ನಿಮಿಷಕ್ಕೆ ಮೋಟರಿನ ಸದ್ದು ಸಣ್ಣಗಾಯಿತು. ಅವಳು ಅದನ್ನು ತೊಟ್ಟಿಲಿಗೆ ಮಗು ಮಲಗಿಸುವಂತೆ ಇಳಿಸಿದಳು. ಹಳದಿಯದು ಹದಿನಾಲ್ಕು ನಿಮಿಷ ಇತ್ತು.

"ಬ್ಯಾಟರಿಗೆ ಅರ್ಧ ಹೊಟ್ಟೆ ಮಾವ. ಬೆಳಿಗ್ಗೆ ಆ ಕಾರಿನ ಬ್ಯಾಟರಿ ಕೊಟ್ಟದ್ದೇ ಅಷ್ಟು. ಇರಲಿ ಬಿಡು, ನಾಳೆ ನೀನು ಹೊಸ ಪೆಟ್ಟಿಗೆ ತರ್ತೀಯಲ್ಲ."

ಟೀ ಕಾಸು ಹೋಯಿತು, ಅಷ್ಟೇ.

ಪುಟದ ಗುರುತಿಗೆ ಏನೂ ಇರಲಿಲ್ಲ. ಜೇಬಿನಲ್ಲಿ ಬೈಂಡಿಂಗಿನ ಕೆಂಪು ಬಟ್ಟೆಯ ಚೂರೊಂದು ಸಿಕ್ಕಿತು, ಅದನ್ನೇ ಇಟ್ಟಿದ್ದೇನೆ.

ಮಾರ್ಚ್ 5, ಮಂಗಳವಾರ

ಸಗಟು ಅಂಗಡಿಯವನ ಮನೆಯಲ್ಲಿ ಮದುವೆ, ಬಾಗಿಲು ಹಾಕಿದ್ದಾನೆ ಅಂತ ಗುಬ್ಬಿಗೆ ಹೇಳಿದೆ. ಎಷ್ಟು ದಿನ ಅಂದಳು. ದೊಡ್ಡ ಮದುವೆ ಅಂದೆ.

ಯೋಚಿಸಿದರೆ, ಕೈಯಲ್ಲಿ ಕಸುಬು ಇಟ್ಟುಕೊಂಡು ಕೊಳ್ಳುವುದೇ ಅವಮಾನ. ಗುಜರಿ ಅಂಗಡಿಗೆ ಹೋದೆ. ಮುಚ್ಚಿಹೋದ ಯಾವುದೋ ಕಚೇರಿಯ ದೊಡ್ಡ ಕಂಪ್ಯೂಟರುಗಳಿಂದ ಕಿತ್ತ ಕರೆಂಟಿನ ಪೆಟ್ಟಿಗೆಗಳು ಇಟ್ಟಿಗೆಯಂತೆ ಪೇರಿಸಿದ್ದವು. ಎರಡು ಆರಿಸಿದೆ. ಬದಲಿಗೆ ನನ್ನ ತಂತಿ ಸುತ್ತುವ ಕೈಯಂತ್ರ ಕೊಟ್ಟೆ. ತುಕ್ಕು ಹಿಡಿದಿತ್ತು. ನಾಲ್ಕು ವರ್ಷದಿಂದ ಮುಟ್ಟಿಲ್ಲ. ಹೋದರೆ ಹೋಗಲಿ.

ಭಾನುವಾರ ಹೋದದ್ದು ಟೀ ಕಾಸಲ್ಲ, ಸರಿಯಾಗಿ ಬರೆಯಬೇಕೆಂದರೆ ಇನ್ನೂರೋ ಮುನ್ನೂರೋ ಇರಬಹುದು.

ಮಾರ್ಚ್ 8, ಶುಕ್ರವಾರ

ಗೆದ್ದೆ! ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು, ಆದರೆ ಗೆರೆ ಸಣ್ಣವು.

ಒಂದೊಂದು ಪೆಟ್ಟಿಗೆ ಕೊಡುವುದು ಹನ್ನೆರಡು ವೋಲ್ಟು. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದರೆ ಇಪ್ಪತ್ನಾಲ್ಕು. ಕಟ್ಟಿದೆ. ಸ್ವಿಚ್ ಹಾಕಿದರೆ ಟಕ್ ಅಂತ ಸದ್ದು, ಎರಡೂ ಸತ್ತವು. ಮತ್ತೆ ಹಾಕಿದೆ, ಟಕ್. ಬೆಳಿಗ್ಗೆಯಿಂದ ಊಟದ ಹೊತ್ತಿನ ತನಕ ಅವು ಟಕ್ ಅನ್ನುವುದು, ನಾನು ಥತ್ ಅನ್ನುವುದು.

ಆಮೇಲೆ ಹೊಳೆಯಿತು. ಎರಡೂ ಪೆಟ್ಟಿಗೆಯ ಮೈಯಿಂದ ಒಂದೊಂದು ಹಸಿರು ತಂತಿ, ಅರ್ತಿಂಗಿನದು, ಪ್ಲಗ್ಗಿನ ಮೂರನೇ ಕಾಲಿಗೆ ಹೋಗಿ, ಗೋಡೆಯೊಳಗೆ ಎರಡೂ ಸೇರುತ್ತವೆ. ಅಲ್ಲಿ ಇವರಿಬ್ಬರ ಗುಸುಗುಸು ನಡೆಯುತ್ತಿದೆ! ಒಂದರ ಕರೆಂಟು ಹಿಂಬಾಗಿಲಿನಿಂದ ನೆಲಕ್ಕೆ ಓಡಿಹೋಗುತ್ತಿದೆ. ಪ್ಲಗ್ ಬಿಚ್ಚಿ ಹಸಿರು ತಂತಿಯನ್ನು ಕತ್ತರಿಸಿದೆ. ಇನ್ನೊಂದರದ್ದನ್ನೂ ಕತ್ತರಿಸಿದೆ, ಒಬ್ಬರಿಗೆ ಮಾಡಿ ಒಬ್ಬರಿಗೆ ಬಿಡುವುದು ಪಕ್ಷಪಾತ. ಹಾಕಿದೆ ಸ್ವಿಚ್. ಇಪ್ಪತ್ನಾಲ್ಕು!

ಹಾಗೆ ನೋಡಿದರೆ ಹಸಿರು ತಂತಿ ಮನೆಯಲ್ಲಿ ಉಂಡು ಮಲಗುವ ನೆಂಟ. ದುಡಿಯುವುದು ಉಳಿದ ಎರಡು.

ಎರಡು ಪೆಟ್ಟಿಗೆಗಳ ಮೈ ಒಂದಕ್ಕೊಂದು ತಾಗದಂತೆ ನಡುವೆ ಸೈಕಲ್ ಟ್ಯೂಬಿನ ರಬ್ಬರು ಕೊಟ್ಟು, ಒಂದು ತಗಡಿನ ಡಬ್ಬದೊಳಗೆ ಕೂರಿಸಿ ಸ್ಕ್ರೂ ಹಾಕಿದೆ. ಡಬ್ಬಕ್ಕೆ ನೀಲಿ ಬಣ್ಣ. ಅಂಗಡಿಯಲ್ಲಿ ಇಟ್ಟರೆ ಹದಿನೈದು ಸಾವಿರಕ್ಕೆ ಹೋಗುತ್ತದೆ.

ಮಾರ್ಚ್ 9, ಶನಿವಾರ

ಗುಬ್ಬಿ ಡಬ್ಬವನ್ನು ಸುತ್ತಲೂ ತಿರುಗಿಸಿ ನೋಡಿದಳು.

"ಕಂಪನಿ ಹೆಸರೇ ಇಲ್ಲವಲ್ಲ ಮಾವ?"

"ಹೆಸರು ಬೇಕಾಗಿರೋದು ಕಳಪೆ ಮಾಲಿಗೆ."

"ಬಿಲ್?"

"ನನ್ನ ಮುಖವೇ ಬಿಲ್."

"ಆ ಬಿಲ್ಲಿಗೆ ಗ್ಯಾರಂಟಿ ಮುಗಿದು ಬಹಳ ವರ್ಷ ಆಯ್ತು," ಅಂದಳು ಅಕ್ಕ.

ಮೂವರೂ ನಕ್ಕೆವು. ಗುಬ್ಬಿ ಪ್ಲಗ್ಗುಗಳನ್ನು ನೋಡಿ, "ಮೂರು ಕಾಲಿನದು, ಸದ್ಯ" ಅಂದಳು. ಮೂರೂ ಇದ್ದವು. ಮೂರನೆಯದು ಕುಂಟನ ಮರದ ಕಾಲು, ಅದು ನನಗೆ ಮಾತ್ರ ಗೊತ್ತು.

ಮನೆಯಲ್ಲಿ ಎರಡು ಸಾಕೆಟ್ಟು ಅಕ್ಕಪಕ್ಕ ಇರುವುದು ಅಕ್ಕನ ಕೆಲಸದ ಕೋಣೆಯಲ್ಲಿ ಮಾತ್ರ. ಪುಸ್ತಕ ಒತ್ತಿಡುವ ಒತ್ತುಯಂತ್ರದ ಪಕ್ಕದ ಮೇಜಿನ ಮೇಲೆ ಇಟ್ಟೆವು. ಒಂದು ಗಂಟೆಯೊಳಗೆ ಬ್ಯಾಟರಿ ತುಂಬಿತು. ಗುಬ್ಬಿ ನನ್ನ ಕೆನ್ನೆ ಹಿಂಡಿ ಹೋದಳು. ಅಕ್ಕ ಮಾತ್ರ ಡಬ್ಬವನ್ನೂ ನನ್ನನ್ನೂ ಒಂದೊಂದು ಸಲ ನೋಡಿ, "ಒಳ್ಳೇದೇ ತಾನೆ?" ಅಂದಳು. ಒಳ್ಳೆಯದೇ ಅಂದೆ.

ಮಾರ್ಚ್ 13, ಬುಧವಾರ

ಆ ಪೆಟ್ಟಿಗೆಗಳ ಫ್ಯಾನು ಎಷ್ಟು ಸಣ್ಣವೋ ಅಷ್ಟು ಬಾಯಿ. "ಕಿವಿಯೊಳಗೆ ದುಂಬಿ ಹೊಕ್ಕ ಹಾಗಿದೆ, ಹೊಲಿಗೆ ಲೆಕ್ಕ ತಪ್ಪುತ್ತೆ ಕಣೋ" ಅಂದಳು ಅಕ್ಕ. ಎರಡು ನಿಮಿಷದ ಕೆಲಸ. ಫ್ಯಾನಿನ ತಂತಿ ಕಿತ್ತೆ. ಈಗ ಮನೆ ನಿಶ್ಶಬ್ದ.

ಮಾರ್ಚ್ 17, ಭಾನುವಾರ

ಗುಬ್ಬಿ ಇವತ್ತು ಹದಿನೇಳು ನಿಮಿಷ ಹಾರಿಸಿದಳು. ಬೇಕರಿಯವನ ಮುಖ ಬೇಯದ ಬ್ರೆಡ್ಡಿನಂತಾಗಿತ್ತು. ಬರುವ ತಿಂಗಳು ಪಕ್ಕದ ಊರಿನಲ್ಲಿ ದೊಡ್ಡ ಸ್ಪರ್ಧೆ, ಹೆಸರು ಕೊಟ್ಟಿದ್ದಾಳೆ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪಕ್ಷಿ ತೋರಿಸುತ್ತಿದ್ದವನು ನಾನೇ, ಅದನ್ನು ಅಲ್ಲಿ ಹೇಳಬೇಕು.

"ಡಬ್ಬ ಯಾಕೋ ಬಹಳ ಬಿಸಿ ಆಗುತ್ತೆ ಮಾವ. ಮುಟ್ಟಿದರೆ ಬೆರಳು ಜುಮ್ ಅನ್ನುತ್ತೆ" ಅಂದಳು.

"ಬಿಸಿ ಇದ್ದರೆ ಜೀವ ಇದೆ ಅಂತ ಅರ್ಥ. ಜುಮ್ ಅನ್ನೋದು ಒಣ ಗಾಳಿಗೆ."

ಹೌದೇನೋ ಅಂದುಕೊಂಡಳು. ನಾನೂ.

ಮಾರ್ಚ್ 19, ಮಂಗಳವಾರ

ಅಕ್ಕ ಬಿದ್ದಳು. ಡಬ್ಬ ಹೊಡೆಯಿತು. ಬಲಗೈ ಮಣಿಕಟ್ಟು ಮುರಿದಿದೆ. ಜೀವಕ್ಕೆ ಅಪಾಯವಿಲ್ಲ ಅಂದರು.

ಇವತ್ತು ಇಷ್ಟೇ.

ಮಾರ್ಚ್ 20, ಬುಧವಾರ

ನಡೆದದ್ದು ಹೀಗೆ. ಗುಬ್ಬಿ ಬೆಳಿಗ್ಗೆ ಬ್ಯಾಟರಿ ತುಂಬಿಸಿ, ಬಿಚ್ಚಿಕೊಂಡು ಕೆಲಸಕ್ಕೆ ಹೋದಳು. ಗೋಡೆಯ ಸ್ವಿಚ್ ಆರಿಸಿರಲಿಲ್ಲ. ಹತ್ತು ಗಂಟೆಗೆ ಅಕ್ಕ ಅಂಟು ಚೆಲ್ಲಿದ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ನಾನು ಮುಂದಿನ ಕೋಣೆಯಲ್ಲಿ ಮಲಗಿದ್ದೆ. ಅಕ್ಕ ಕೂಗಲಿಲ್ಲ. ಒಂದು ಸದ್ದು ಮಾತ್ರ, ಪುಸ್ತಕದ ಕಟ್ಟು ಬಿದ್ದ ಹಾಗೆ. ಹೋಗಿ ನೋಡಿದರೆ ಒತ್ತುಯಂತ್ರದ ಕಬ್ಬಿಣದ ಮೂಲೆಗೆ ಕೈ ಬಡಿದುಕೊಂಡು ನೆಲದಲ್ಲಿ ಕೂತಿದ್ದಳು. "ಅದು ನನ್ನನ್ನ ಎಳ್ಕೊಂತು ಕಣೋ, ಆಮೇಲೆ ಒದೀತು" ಅಂದಳು. ಬಟ್ಟೆ ಒದ್ದೆ ಇದೆ ಅಂತ ಗೋಡೆಯ ಸ್ವಿಚ್ ಆರಿಸಿದೆ. ಅಷ್ಟು ಬುದ್ಧಿ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಅಂತ ಕೇಳಿದರು. ಗುಬ್ಬಿ ಓಡಿ ಬಂದಿದ್ದಳು, ಕನ್ನಡಕದ ಗಾಜಿನ ಪುಡಿ ಇನ್ನೂ ಮುಂಗೈಯಲ್ಲಿತ್ತು. "ಸ್ವಿಚ್ ಆರಿಸೋದು ಮರೆತು ಹೋಗಿತ್ತು" ಅಂದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಗುಬ್ಬಿ ಡಾಕ್ಟರ ಕಡೆ ತಿರುಗಿ, "ಮರೆತದ್ದು ನಾನೇ" ಅಂದಳು.

ಡಬ್ಬವನ್ನು ಎಸೆದೆ ಅಂತ ಹೇಳಿದ್ದೇನೆ. ನನ್ನ ಮಂಚದ ಕೆಳಗಿದೆ.

ಪಂದ್ಯದಲ್ಲಿ ಹೋದದ್ದು ಸಾವಿರ ಇರಬಹುದು. ಹೆಚ್ಚೆಂದರೆ ಎರಡು.

ಮಾರ್ಚ್ 23, ಶನಿವಾರ

ರೇಡಿಯೋ ಅಂಗಡಿಗೆ ಹೋದೆ. ಯಾರದೋ ಸ್ನೇಹಿತನ ಕಥೆ ಅಂತ ಹೇಳಿದೆ. ಆ ಹೆಂಗಸು ಬೆಸುಗೆ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ.

"ನಿಮ್ಮ ಸ್ನೇಹಿತರು ಹಸಿರು ತಂತಿ ಯಾಕೆ ಕತ್ತರಿಸಿದ್ರು?"

"ಅದು ಏನೂ ಕೆಲಸ ಮಾಡಲ್ಲ ಅಂತ."

"ಸರಿ. ಅದಕ್ಕೆ ಕೆಲಸ ಬರೋದು ಒಂದೇ ದಿನ. ಒಳಗಿನ ಕರೆಂಟು ದಾರಿ ತಪ್ಪಿ ಡಬ್ಬದ ಮೈಗೆ ಬಂತು ಅಂದುಕೊಳ್ಳಿ, ಅವತ್ತು ಅದನ್ನ ನೆಲಕ್ಕೆ ಎಳ್ಕೊಂಡು ಹೋಗಿ ಫ್ಯೂಸ್ ಸುಡಿಸುತ್ತೆ. ಆ ತಂತಿ ಇಲ್ಲ ಅಂದ್ರೆ ಡಬ್ಬ ಕಾಯ್ತಾ ಕೂತಿರುತ್ತೆ, ಯಾರಾದರೂ ಬಂದು ಮುಟ್ಟಲಿ ಅಂತ."

"ಇದ್ದಕ್ಕಿದ್ದ ಹಾಗೆ ಮೈಗೆ ಯಾಕೆ ಬರುತ್ತೆ?"

"ಬಿಸಿಗೆ ಒಳಗಿನ ಹೊದಿಕೆ ಕರಗಿರುತ್ತೆ. ಫ್ಯಾನ್ ಓಡ್ತಿತ್ತಾ?"

ಸ್ನೇಹಿತನನ್ನು ಕೇಳಿ ಹೇಳುತ್ತೇನೆ ಅಂದೆ.

"ಸ್ವಿಚ್ ಆರಿಸಲಿಲ್ಲ, ಅದಕ್ಕೇ ಹೀಗಾಯ್ತು ಅಂತಾರೆ" ಅಂತ ಮೆಲ್ಲಗೆ ಹೇಳಿದೆ.

ಈಗ ತಲೆ ಎತ್ತಿದಳು. "ಅಣ್ಣಾ, ಮರೆಯೋ ಮನುಷ್ಯರಿಗೋಸ್ಕರನೇ ಆ ತಂತಿ ಇರೋದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಶಾಲೆಯಲ್ಲಿ ಓದಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ದಾರಿಯುದ್ದಕ್ಕೂ ಕೈ ಜೇಬಿನಲ್ಲೇ ಇತ್ತು. ಜೇಬಿನಲ್ಲಿ ಆ ಚೀಟಿ ಇತ್ತು, ಎರಡು ಗೆರೆ ಎಳೆದದ್ದು.

ಮಾರ್ಚ್ 27, ಬುಧವಾರ

ಅಕ್ಕನಿಗೆ ನಾನೂರು ಹಾಜರಿ ಪುಸ್ತಕದ ಕೆಲಸ ಒಪ್ಪಿಕೊಂಡದ್ದಿದೆ. ಹಾಳೆ ಮಡಿಸುವುದು ನಾನು, ಹೇಳುವುದು ಅವಳು. ಈ ಭೂಮಿಯ ಮೇಲೆ ನನ್ನಷ್ಟು ನೇರವಾಗಿ ಹಾಳೆ ಮಡಿಸಿದವರಿಲ್ಲ. ಅಕ್ಕ ಅರವತ್ತನ್ನು ಬಿಚ್ಚಿಸಿ ಮತ್ತೆ ಮಡಿಸಲು ಹಚ್ಚಿದಳು.

"ಮೂಲೆಗೆ ಮೂಲೆ ಕೂಡಬೇಕು ಕಣೋ. ಇಲ್ಲಿ ಒಂದು ಕೂದಲಷ್ಟು ತಪ್ಪಿದರೆ ಪುಸ್ತಕದ ಬೆನ್ನಿಗೆ ಬರೋಷ್ಟರಲ್ಲಿ ಒಂದು ಬೆರಳಾಗಿರುತ್ತೆ."

ಗುಬ್ಬಿ ಬೆಳಿಗ್ಗೆ ಹೋಗುವ ಮೊದಲು ಮನೆಯ ಸ್ವಿಚ್ಚುಗಳನ್ನೆಲ್ಲ ಮುಟ್ಟಿ ನೋಡುತ್ತಾಳೆ. ಬಾಗಿಲ ತನಕ ಹೋಗಿ ಮತ್ತೆ ಬಂದು ನೋಡುತ್ತಾಳೆ. ಇವತ್ತು ನಾಲ್ಕು ಸಲ.

ಏಪ್ರಿಲ್ 2, ಮಂಗಳವಾರ

ಇನ್ನೂರ ಹತ್ತು ಆಯಿತು. ಸೂಜಿ ಹಿಡಿಯುವುದನ್ನೂ ಕಲಿತೆ. ಬೆರಳ ತುದಿ ಜರಡಿಯಾಗಿದೆ. ಐದೂವರೆಗೆ ಏಳುತ್ತಿದ್ದೇನೆ, ಅಂಟು ಕಾಯಿಸಲು ಬೇರೆ ಯಾರೂ ಇಲ್ಲವಲ್ಲ.

ಮಂಚದ ಕೆಳಗಿನದು ನಿದ್ದೆಗೆ ಬಿಡುವುದಿಲ್ಲ. ಅದಕ್ಕೆ ಕರೆಂಟು ಕೊಟ್ಟಿಲ್ಲ, ಗೊತ್ತು. ಆದರೂ ಕಾಲು ಕೆಳಗೆ ಬಿಡುವುದಿಲ್ಲ.

ಏಪ್ರಿಲ್ 6, ಶನಿವಾರ

ಗುಬ್ಬಿ ವಿಮಾನವನ್ನು ಬೇಕರಿಯವನಿಗೆ ಮಾರುತ್ತಿದ್ದಾಳೆ. ಚಾರ್ಜರು, ಕೆಳಗೆ ನಿಂತು ಹಾರಿಸುವ ರೇಡಿಯೋ, ಎಲ್ಲಾ ಸೇರಿಸಿ. ನಾಳೆ ಬೆಳಿಗ್ಗೆ ಬಂದು ಒಯ್ಯುತ್ತಾನೆ. ರೆಕ್ಕೆಗಳಿಗೆ ಅಕ್ಕನ ಕಂದು ಕಾಗದ ಸುತ್ತುತ್ತಿದ್ದಳು.

"ಯಾಕೆ ಗುಬ್ಬೀ? ಸ್ಪರ್ಧೆ ಇದೆಯಲ್ಲ."

"ಸ್ವಿಚ್ ನೆನಪಿಟ್ಟುಕೊಳ್ಳಲಾಗದವಳು ವಿಮಾನ ಹಾರಿಸಬಾರದು ಮಾವ. ನಾಳೆ ಅದು ಯಾರದೋ ತಲೆ ಮೇಲೆ ಬಿದ್ದರೆ? ಅಮ್ಮ ಹೊಲಿಯೋವಾಗ ದಾರ ಹಲ್ಲಲ್ಲಿ ಕಚ್ಚಿ ಎಳೀತಾಳೆ ಈಗ, ನೋಡಿದ್ದೀಯಾ?"

ನೋಡಿದ್ದೆ. ದಾರದ ಕಡೆ ನೋಡುತ್ತಾ, "ಎಲ್ಲಾ ಸರಿ ಹೋಗುತ್ತೆ ಬಿಡು" ಅಂದೆ.

ಬರೆಯುವುದಾದರೆ ಈಗ ಬರೆಯಬೇಕು. ಸೋತದ್ದು ನಾಲ್ಕು ಸಾವಿರ. ಇದೂ ಅಲ್ಲ.

ಏಪ್ರಿಲ್ 7, ಭಾನುವಾರ

ಬೇಕರಿಯವನು ಒಂಬತ್ತು ಗಂಟೆಗೆ ಬ್ರೆಡ್ ಸಾಗಿಸುವ ಗಾಡಿ ತಂದ. ಒಳಗೆ ಹಾಸಿಗೆ ಹಾಸಿಕೊಂಡು ಬಂದಿದ್ದ, ರೆಕ್ಕೆಗೆ ಪೆಟ್ಟಾಗಬಾರದು ಅಂತ. "ನನ್ನ ಮದುವೆ ಹೆಣ್ಣನ್ನೂ ಇಷ್ಟು ಜೋಪಾನವಾಗಿ ಕರ್ಕೊಂಡು ಬರಲಿಲ್ಲ" ಅಂದ. ಯಾರೂ ನಗಲಿಲ್ಲ.

ಗುಬ್ಬಿ ಒಂದು ರೆಕ್ಕೆ ಎತ್ತಿ ಅವನ ಕೈಗೆ ಕೊಟ್ಟಳು. ಎರಡನೆಯದನ್ನು ಎತ್ತುವಾಗ ನಾನು ಕೋಣೆಗೆ ಹೋದೆ. ಮಂಚದ ಕೆಳಗೆ ಬಗ್ಗಿ ಡಬ್ಬ ಎಳೆದೆ. ತಂದು ನಡುಮನೆಯಲ್ಲಿ ಇಟ್ಟೆ. ಅವಳಿಗೆ ಹೇಳಲು ಒಂದು ದೊಡ್ಡ ಮಾತು ಸಿದ್ಧ ಮಾಡಿಕೊಂಡಿದ್ದೆ, ನಮ್ಮ ವಂಶ, ನನ್ನ ಕಸುಬು, ಅಂತೆಲ್ಲ. ಅದನ್ನೆಲ್ಲ ಬಿಟ್ಟೆ. ಸ್ಕ್ರೂಡ್ರೈವರಿನಿಂದ ಒಂದು ಪ್ಲಗ್ ಬಿಚ್ಚಿ ಅವಳ ಕೈಗೆ ಕೊಟ್ಟೆ.

ಅವಳು ಅದನ್ನು ಗಾಜಿನ ಅಂಚು ನೋಡುವಂತೆ ಕಣ್ಣಿನ ಹತ್ತಿರ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು.

"ಇದು ಸುಟ್ಟದ್ದಲ್ಲ," ಅಂದಳು. "ಕತ್ತರಿಸಿದ್ದು."

"ನಾನೇ."

"ಅಂಗಡಿಯಿಂದ ತಂದದ್ದು ಅಂದೆಯಲ್ಲ?"

"ಗುಜರಿಯಿಂದ ತಂದು ನಾನೇ ಕಟ್ಟಿದ್ದು. ಫ್ಯಾನ್ ಕಿತ್ತವನೂ ನಾನೇ. ಆ ತಂತಿ ಇದ್ದಿದ್ದರೆ ನೀನು ಸ್ವಿಚ್ ಮರೆತಿದ್ದರೂ ಅಕ್ಕನಿಗೆ ಏನೂ ಆಗ್ತಿರಲಿಲ್ಲ. ರೇಡಿಯೋ ಅಂಗಡಿಯವಳು ಹೇಳಿದಳು. ಹೇಳಿ ಹದಿನೈದು ದಿನ ಆಯ್ತು."

"ನಾನು ಕೊಟ್ಟ ದುಡ್ಡು?"

"ಪಂದ್ಯ ಕಟ್ಟಿದೆ. ನೀನು ಗೆಲ್ತೀಯ ಅಂತ."

ಬೇಕರಿಯವನು ರೆಕ್ಕೆ ಹಿಡಿದುಕೊಂಡೇ ನಿಂತಿದ್ದ. "ಅದು ಈ ಹುಡುಗಿ ದುಡ್ಡಾ? ಅಯ್ಯೋ ಪುಣ್ಯಾತ್ಮ! ನಿಮ್ಮದು ಅಂದುಕೊಂಡೆನಲ್ರೀ. ಒಲೆಯ ಬಾಗಿಲು ಮಾಡಿಸಿಬಿಟ್ಟೆ ಅದರಲ್ಲಿ."

"ಎಷ್ಟು ಕಟ್ಟಿದೆ?" ಅಂದಳು ಗುಬ್ಬಿ.

"ನೀನು ಕೊಟ್ಟ ಎಂಟು ಸಾವಿರವೂ."

ಬೇಕರಿಯವನು ಬಾಯಿ ತೆರೆದ. ನನ್ನ ಮುಖ ನೋಡಿದ. ಮುಚ್ಚಿಕೊಂಡ.

ಗುಬ್ಬಿ ಅಳುತ್ತಾಳೆ ಅಂದುಕೊಂಡಿದ್ದೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಪ್ಲಗ್ಗನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

"ಹತ್ತೊಂಬತ್ತು ದಿನ," ಅಂದಳು. "ಹತ್ತೊಂಬತ್ತು ದಿನದಿಂದ ನಾನು ಅಮ್ಮನ ಮುಖ ನೋಡಿಲ್ಲ. ನೀವು ಎದುರಿಗೇ ಕೂತು ಹಾಳೆ ಮಡಿಸ್ತಾ ಇದ್ರಿ."

ಅವಳಿಗೆ ಮಾತು ಬಂದ ದಿನದಿಂದ ನಾನು ಅವಳಿಗೆ 'ನೀನು' ಆಗಿದ್ದೆ, 'ನೀವು' ಅಲ್ಲ.

ಆಮೇಲೆ ಬೇಕರಿಯವನ ಕೈಯಿಂದ ರೆಕ್ಕೆ ತಗೊಂಡಳು. "ಕ್ಷಮಿಸಿ, ಇದನ್ನು ಕೊಡಲ್ಲ" ಅಂದಳು. ಅವನು, "ಕೊಡಬೇಡಮ್ಮಾ, ನಾನೂ ತಗೊಳ್ಳಲ್ಲ. ಹಳದಿಯದನ್ನ ಸೋಲಿಸೋರು ಒಬ್ಬರಾದರೂ ಇರಲಿ" ಅಂದು, ಹಾಸಿಗೆ ಸುತ್ತಿಕೊಂಡು ಹೋದ.

ಕೆಲಸದ ಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. ಎಲ್ಲಾ ಕೇಳಿಸಿಕೊಂಡಿದ್ದಳು. ಏನೂ ಕೇಳಲಿಲ್ಲ.

ಏಪ್ರಿಲ್ 12, ಶುಕ್ರವಾರ

ಗುಬ್ಬಿ ರೇಡಿಯೋ ಅಂಗಡಿಗೆ ತಾನೇ ಹೋಗಿ ಹೊಸ ಪೆಟ್ಟಿಗೆ ತಂದಳು, ಕಂತಿನ ಮೇಲೆ. ಗುಬ್ಬಿಯೂ ಅಕ್ಕನೂ ಕೂತು ಅದರ ಜೊತೆ ಬಂದ ಕಾಗದ ಓದಿದರು. ನನಗೆ ಯಾರೂ ತೋರಿಸಲಿಲ್ಲ. ದೂರದಿಂದಲೇ ನೋಡಿದೆ. ಮುಚ್ಚಿದ ಪೆಟ್ಟಿಗೆ, ಒಂದೇ ಪ್ಲಗ್ಗು. ಅಕ್ಕನ ಕೋಣೆಯಲ್ಲಿ ಇಡಲಿಲ್ಲ. ಜಗಲಿಯ ಮೂಲೆಯಲ್ಲಿ ಬೇರೆ ಸಾಕೆಟ್ಟು ಹಾಕಿಸಿ, ಕೆಳಗೆ ನೆಲಕ್ಕೆ ಹಾಸುವ ಟೈಲೊಂದನ್ನು ಇಟ್ಟು, ಅದರ ಮೇಲೆ ಕೂರಿಸಿದಳು.

ಸಾಕೆಟ್ಟಿನ ಒಳಗೆ ಹಸಿರು ತಂತಿ ನೆಲದ ತನಕ ಹೋಗಿದೆಯೋ ಇಲ್ಲವೋ ನೋಡಬೇಕು, ಬರೀ ತೂತು ಇದ್ದರೆ ಸಾಲದು. ಹೇಳಲೋ ಬೇಡವೋ ಅಂತ ಒಂದು ಗಂಟೆ ಕೂತಿದ್ದೆ. ಕೊನೆಗೆ ಹೇಳಿದೆ. "ಅಂಗಡಿಯವರು ನೋಡಿ ಹೋಗಿದ್ದಾರೆ" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ನೀವೂ ಒಂದು ಸಲ ನೋಡಿ" ಅಂದಳು.

ಪರೀಕ್ಷೆಯ ಬಲ್ಬು ತಂದು ನೋಡಿದೆ. ಹತ್ತಿತು. ಮೂರು ಸಲ ನೋಡಿದೆ. ಮೂರು ಸಲವೂ ಹತ್ತಿತು.

ನಾನೂರು ಪುಸ್ತಕ ಮುಗಿದು ಶಾಲೆಗೆ ಹೋದವು. ಇನ್ನೂರು ಬಂದಿವೆ.

ಏಪ್ರಿಲ್ 21, ಭಾನುವಾರ

ಹೊಸ ಪೆಟ್ಟಿಗೆಯ ಫ್ಯಾನು ಬೆಳಿಗ್ಗೆಯಿಂದ ಕೂಗುತ್ತಿತ್ತು. "ಕೂಗಲಿ" ಅಂದಳು ಅಕ್ಕ. ಚಾರ್ಜು ಮುಗಿಯುವ ತನಕ ಗುಬ್ಬಿ ಅದರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಇವತ್ತು ಪಕ್ಕದ ಊರಿನ ಸ್ಪರ್ಧೆ. ಬೇಕರಿಯವನ ಗಾಡಿಯಲ್ಲಿ ಹೋದಳು, ಎರಡು ವಿಮಾನವೂ ಒಂದೇ ಹಾಸಿಗೆಯ ಮೇಲೆ. ಬರುತ್ತೀರಾ ಅಂತ ನನ್ನನ್ನು ಕರೆಯಲಿಲ್ಲ. ಗಾಡಿಯಲ್ಲಿ ಜಾಗವೂ ಇರಲಿಲ್ಲ. ಇತ್ತು, ಆದರೂ ಇರಲಿಲ್ಲ.

ಅಕ್ಕನ ಪಟ್ಟಿ ಬಿಚ್ಚಿ ಮೂರು ದಿನವಾಯಿತು. ಮಣಿಕಟ್ಟು ಒಂದು ಕೂದಲಷ್ಟು ಸೊಟ್ಟಗೆ ಕೂಡಿದೆ. ದಾರ ಬಿಗಿಯಾಗಿ ಎಳೆಯಲು ಬರುವುದಿಲ್ಲ. ಅವಳು ಸೂಜಿ ಹಾಕುತ್ತಾಳೆ, ನಾನು ಎಳೆಯುತ್ತೇನೆ. ಹೀಗೆ ಮಧ್ಯಾಹ್ನದ ತನಕ ಇಪ್ಪತ್ತೆರಡು ಪುಸ್ತಕ.

ಊಟವಾದ ಮೇಲೆ ಈ ಪುಸ್ತಕ ಕೆಲಸದ ಮೇಜಿನ ಮೇಲೆಯೇ ಇತ್ತು. ಅಕ್ಕ ಅಂಟಿನ ಪಾತ್ರೆ ಎತ್ತಲು ಬಂದಳು. ಪುಟಗಳ ನಡುವೆ ಹೊರಗೆ ಇಣುಕುತ್ತಿದ್ದ ಕೆಂಪು ಬಟ್ಟೆಯ ಚೂರನ್ನು ನೋಡಿದಳು. ಎಡಗೈಯ ಬೆರಳಿನಿಂದ ಅದರ ತುದಿಯನ್ನು ನೇರ ಮಾಡಿದಳು.

"ಇದನ್ನ ಇನ್ನೂ ಇಟ್ಕೊಂಡಿದ್ದೀಯಾ?" ಅಂದಳು. ಪಾತ್ರೆ ತಗೊಂಡು ಒಳಗೆ ಹೋದಳು.

ಮಾರ್ಚ್ ಎರಡನೇ ತಾರೀಕು ಅಕ್ಕ ಬಾಗಿಲಲ್ಲಿ ಹೇಳಿದ್ದನ್ನು ಬರೆಯುತ್ತೇನೆ. "ಗುಬ್ಬಿಗೆ ಹೇಳಬೇಡ ಕಣೋ. ಅವಳ ದುಡ್ಡಿಗೆ ಇದನ್ನೂ ಸೇರಿಸು. ಒಳ್ಳೇದೇ ತಗೊಂಡು ಬಾ, ಯಾರಿಗೂ ಏನೂ ಆಗದಂಥದ್ದು." ಅಂತ ಹೇಳಿ ಕೆಂಪು ಬಟ್ಟೆಯ ಚೂರಿನಲ್ಲಿ ಸುತ್ತಿದ್ದನ್ನು ನನ್ನ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ತಾನೇ ಮಡಿಸಿದ್ದಳು. ಆಗ ಅವಳ ಬಲಗೈ ನೆಟ್ಟಗಿತ್ತು.

ಅದರೊಳಗೆ ಸಾವಿರದ ಎಂಟುನೂರು ಇತ್ತು. ಗುಬ್ಬಿಯದು ಎಂಟು ಸಾವಿರ. ಪಂದ್ಯದಲ್ಲಿ ನಾನು ಕಳೆದದ್ದು ಒಂಬತ್ತು ಸಾವಿರದ ಎಂಟುನೂರು.